ವಿಮಾನಕ್ಕೆ ನಾನು ಕನ್ನಡ ಕಲಿಸಿದ್ದು

ಒಂದು ಭಾಷೆಯನ್ನು ಬಹಳ ವರ್ಷ ಪಾಠ ಮಾಡಿದವರಿಗೆ ಒಂದು ಭ್ರಮೆ ಅಂಟಿಕೊಳ್ಳುತ್ತದೆ. ಆ ಭಾಷೆ ತಮ್ಮ ಮನೆಯ ಹಿತ್ತಲಲ್ಲೇ ಬೆಳೆದದ್ದು, ಬೀದಿಯವರೆಲ್ಲ ಕರಿಬೇವಿನ ಸೊಪ್ಪು ಕಿತ್ತುಕೊಂಡು ಹೋಗುವ ಹಾಗೆ ಅದನ್ನು ತಮ್ಮಿಂದ ಕಿತ್ತುಕೊಂಡು ಹೋಗಿ ಬಳಸುತ್ತಿದ್ದಾರೆ ಎಂಬ ಭ್ರಮೆ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನನಗೂ ಅದು ಚೆನ್ನಾಗಿಯೇ ಅಂಟಿತ್ತು. ಹೋಟೆಲಿನ ತಿಂಡಿ ಪಟ್ಟಿಯಲ್ಲಿ 'ಉದ್ದಿನ ವಡೆ' ಎನ್ನುವುದು 'ಉದ್ದನ ವಡೆ' ಆಗಿದ್ದರೆ, ಕ್ಯಾಷಿನಲ್ಲಿ ಕೂತವರಿಗೆ ಗುಡಿಸು ಎಲ್ಲಿ ಬಿಟ್ಟುಹೋಗಿದೆಯೆಂದು ವಿವರಿಸಿ, ವಡೆ ತಣ್ಣಗಾದ ಮೇಲೆ ತಿನ್ನುವವಳು ನಾನು. ಮದುವೆ ಆಮಂತ್ರಣ ಕೊಡಲು ಬಂದವರ ಎದುರಿಗೇ ಅದರ ತಪ್ಪು ತೋರಿಸಿ, ಅವರು ಕಾಫಿ ಕುಡಿಯದೆ ಎದ್ದುಹೋದದ್ದೂ ಉಂಟು. ಇಂಥ ನಾನು ಕಳೆದ ವರ್ಷ, ಒಂದು ವಿಮಾನದ ತುಂಬ ಇದ್ದ ಜನರನ್ನು ಒಂದೇ ವಾಕ್ಯದಲ್ಲಿ ಮೇಲಕ್ಕೆ ಕಳಿಸಿಬಿಟ್ಟೆ. ಈ ಮಾತಿಗೆ ಎರಡು ಅರ್ಥವಿದೆ, ಎರಡೂ ನಿಜ. ಬೇರೆಯವರ ಬಾಯಲ್ಲಿ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಆ ಕೆಲಸ ಬಂದದ್ದು ಒಂದು ಫೋನಿನಿಂದ. ಬಸವೇಶ್ವರನಗರದ ನಮ್ಮ ಮನೆಯ ವರಾಂಡದಲ್ಲಿ ಅತ್ತೆಯ ಜೊತೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. "ಮಿಸ್, ನಾನ್ ಮಿಸ್, ಸುಪ್ರಿಯಾ. ಟೆಂತ್ ಬಿ ಸೆಕ್ಷನ್. ಜ್ಞಾಪಕ ಇದೆಯಾ ಮಿಸ್?" ಎಂದಿತು ಒಂದು ಧ್ವನಿ. ಜ್ಞಾಪಕವಿಲ್ಲದೆ ಏನು! ಎರಡು ಪುಟದ ಪ್ರಬಂಧ ಬರೆಯಲು ಹೇಳಿದರೆ ನಾಲ್ಕು ಸಾಲು ಬರೆದು, "ಇಷ್ಟರಲ್ಲೇ ಎಲ್ಲಾ ಬಂದಿದೆ ಮಿಸ್" ಎಂದು ವಾದ ಮಾಡುತ್ತಿದ್ದ ಹುಡುಗಿ. ಆಕೆ ಈಗ ನಮ್ಮ ದೇಶದ್ದೇ ಒಂದು ವಿಮಾನ ಸಂಸ್ಥೆಯ ವಾಣಿಜ್ಯ ವಿಭಾಗದಲ್ಲಿ ಮ್ಯಾನೇಜರ್. ಮನೆ ಕೆಂಗೇರಿಯಲ್ಲಂತೆ. ವಿಷಯ ಇಷ್ಟು. ಸಂಸ್ಥೆ ಬೆಳೆಯುತ್ತಿದೆ, ಹೊಸ ವಿಮಾನಗಳು ಬರುತ್ತಿವೆ, ಸಣ್ಣ ಊರುಗಳಿಗೂ ಹಾರಬೇಕೆಂದು ಸರ್ಕಾರ ನೆರವು ಕೊಟ್ಟಿದೆ. ಅದರಲ್ಲಿ ಉತ್ತರ ಕರ್ನಾಟಕದ ಒಂದು ಊರೂ ಸೇರಿದೆ. ಆ ಊರಿನ ಹೆಸರು ಇಲ್ಲಿ ಬೇಡ. ಅದು ನಮ್ಮ ಅತ್ತೆಯ ತವರು, ಅಲ್ಲಿಯವರು ಸಣ್ಣ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಆ ವಿಮಾನದೊಳಗೆ ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಪ್ರಕಟಣೆ ಇರಬೇಕೆಂದು ಸುಪ್ರಿಯಾ ಹಟ ಹಿಡಿದಿದ್ದಳು. "ನಾನೇ ಮಿಸ್ ಜಗಳ ಆಡಿ ಕನ್ನಡ ಹಾಕ್ಸಿರೋದು. ಮೂರ್ ಮೂರ್ ಭಾಷೇಲಿ ಹೇಳ್ತಾ ಕೂತ್ರೆ ಟೈಮ್ ವೇಸ್ಟ್ ಅಂತಾರೆ ಮೇಲಿನೋರು. ಮೊದಲ್ನೇ ಫ್ಲೈಟಲ್ಲಿ ಟ್ರಯಲ್. ಜನ ಖುಷಿಯಾದ್ರೆ ಕನ್ನಡ ಇರುತ್ತೆ, ಏನಾದ್ರೂ ಎಡವಟ್ಟಾದ್ರೆ ತೆಗೆದ್ಬಿಡ್ತಾರೆ. ಅದಕ್ಕೇ ನೀವೇ ಬರೀಬೇಕು ಮಿಸ್" ಎಂದಳು. ಅವರೆಕಾಯಿಯ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕುತ್ತ, "ಆಗಲಮ್ಮ" ಎಂದೆ.

ಮರುದಿನ ಅವರ ಕಚೇರಿಗೆ ಹೋದೆ. ಮೇಜಿನ ಒಂದು ತುದಿಯಲ್ಲಿ ಸರ್ಕಾರ ಕೂತಿತ್ತು, ಇನ್ನೊಂದು ತುದಿಯಲ್ಲಿ ವ್ಯಾಪಾರ. ಸರ್ಕಾರವೆಂದರೆ ಕಂದು ಬಣ್ಣದ ಫೈಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಸೌಮ್ಯ ಅಧಿಕಾರಿ. ನೆರವು ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ನೋಡುವುದು ಅವರ ಕೆಲಸ. "ಮೇಡಂ, ಇದು ಜನರ ವಿಮಾನ. ಜೀವಮಾನದಲ್ಲಿ ವಿಮಾನ ಹತ್ತದೇ ಇರೋರು ಹತ್ತಲಿ ಅಂತ ಸರ್ಕಾರ ಬೆನ್ನಿಗೆ ನಿಂತಿದೆ. ಭಾಷೆ ಸರಳವಾಗಿರ್ಲಿ, ಗಾಂಭೀರ್ಯವೂ ಇರ್ಲಿ" ಎಂದರು. ವ್ಯಾಪಾರವೆಂದರೆ ನಮ್ಮ ಸುಪ್ರಿಯಾ. "ಅದೆಲ್ಲಾ ಸರಿ ಸಾರ್. ಆದ್ರೆ ನಿಮ್ ಸಬ್ಸಿಡಿ ಸ್ವಲ್ಪ ವರ್ಷ ಅಷ್ಟೇ. ಆಮೇಲೆ ಈ ರೂಟು ತನ್ ಕಾಲ್ಮೇಲೆ ತಾನೇ ನಿಲ್ಬೇಕು. ಒಂದ್ಸಲ ಬಂದೋರು ಮತ್ತೆ ಬರ್ಬೇಕು ಮಿಸ್. ಕೇಳಿಸ್ಕೊಂಡ್ರೆ ಇನ್ನೊಂದ್ಸಲ ಹತ್ತೋಣ ಅನ್ನಿಸ್ಬೇಕು. ಹಂಗೆ ಬರೀರಿ" ಎಂದಳು. ದೇಶಸೇವೆಯೂ ಆಗಬೇಕು, ಸೀಟೂ ತುಂಬಬೇಕು, ಇವೆರಡೂ ಮುಕ್ಕಾಲೇ ನಿಮಿಷದೊಳಗೆ. ಸೊಸೆಯಾಗಿ ಇಷ್ಟು ವರ್ಷ ಕಳೆದವಳಿಗೆ ಎರಡು ಕಡೆಯ ಮಾತಿಗೂ ತಲೆಯಾಡಿಸುವುದು ಕಷ್ಟವಲ್ಲ. ಆಡಿಸಿದೆ.

ಮನೆಗೆ ಬರುವಷ್ಟರಲ್ಲಿ ನಾನು ಆ ಸಂಸ್ಥೆಯ ಪಾಲುದಾರಳೇ ಆಗಿಬಿಟ್ಟಿದ್ದೆ. ತಲೆಯ ಮೇಲೆ ವಿಮಾನ ಹೋದರೆ ಸಾಕು, ಯಾವ ಕಂಪನಿಯದೆಂದು ನೋಡದೆ, "ನಮ್ಮದು" ಎನ್ನತೊಡಗಿದೆ. ತರಕಾರಿ ಗಾಡಿಯವನಿಗೆ ಹೇಳಿದೆ, ಹಾಲಿನ ಬೂತಿನಲ್ಲಿ ಹೇಳಿದೆ, ಬೆಳಿಗ್ಗೆ ನಡೆಯಲು ಹೋಗುವ ಪಾರ್ಕಿನಲ್ಲಂತೂ ದಿನಾ ಹೇಳಿದೆ. ಅಲ್ಲಿ ಎದುರು ಮನೆಯ ರಾಯರೊಬ್ಬರು ಬರುತ್ತಾರೆ. ಯಾವುದನ್ನು ಹೊಗಳಿದರೂ ಅವರಿಗೆ ಸಣ್ಣಗೆ ಕೆಮ್ಮು ಬರುತ್ತದೆ. "ಅಲ್ಲಾ ಟೀಚರೇ, ಲಾಭ ಮಾಡೋ ಆಸೆ ಇದ್ಮೇಲೆ ಸರ್ಕಾರದ ಕೈ ಯಾಕೆ ಹಿಡ್ಕೋಬೇಕು? ಖಾಲಿ ವಿಮಾನ ಹಾರ್ಸೋಕೆ ನಮ್ ತೆರಿಗೆ ಯಾಕೆ?" ಎಂದರು ಒಂದು ದಿನ. ಉತ್ತರ ಕೊಟ್ಟವರು ನಮ್ಮ ಮನೆಯವರು. ಸಾಮಾನ್ಯವಾಗಿ ಅವರು ನನ್ನ ಪಕ್ಷ ವಹಿಸುವವರಲ್ಲ. ಆದರೆ ಅವರು ನಗರದ ಬಸ್ ನಿಲ್ದಾಣಗಳಲ್ಲಿ ಬಸ್ಸು ಬಿಡುವ ಹೊತ್ತು ಬರೆದುಕೊಳ್ಳುತ್ತ ನೌಕರಿ ಮುಗಿಸಿದವರು. ಖಾಲಿ ಗಾಡಿಯ ಮಾತು ಬಂದರೆ ಅವರಿಗೆ ತಡೆಯುವುದಿಲ್ಲ.

"ರಾಯರೇ, ನಾನು ಕೆಲಸಕ್ಕೆ ಸೇರಿದಾಗ ಉಲ್ಲಾಳ ಹಳ್ಳಿ. ಮಲ್ಲತ್ತಹಳ್ಳಿ ಕೆರೆ ದಾಟಿದ್ಮೇಲೆ ರಸ್ತೇಲಿ ನರಪಿಳ್ಳೆ ಇರ್ತಿರ್ಲಿಲ್ಲ. ಬಸ್ಸಲ್ಲಿ ಮೂರೇ ಜನ. ಡ್ರೈವರು, ಕಂಡಕ್ಟರು, ಒಬ್ಬ ಸೊಪ್ಪಿನ ಅಜ್ಜಿ. ಅಜ್ಜಿಗೆ ಹುಷಾರಿಲ್ಲ ಅಂದ್ರೆ ಇಬ್ರೇ. ದಿನಾ ನಷ್ಟ ಅಂತ ಬರ್ದು ಕಳಿಸ್ತಿದ್ದೆ, ಆದ್ರೂ ಮೇಲಿನೋರು ಬಸ್ ನಿಲ್ಲಿಸಬೇಡ ಅಂತಿದ್ರು. ಬಸ್ ಬರುತ್ತೆ ಅಂತ ನಂಬಿ ಜನ ಸೈಟ್ ತಗೊಂಡ್ರು, ಮನೆ ಕಟ್ಟಿದ್ರು, ಮಕ್ಳು ಕಾಲೇಜಿಗೆ ಹೋದ್ರು. ಇವತ್ತು ಅದೇ ಬಸ್ಸಲ್ಲಿ ಒಂದ್ ಕಾಲಿಡೋಕೆ ಜಾಗ ಸಿಕ್ರೆ ನನಗೆ ಹೇಳಿ. ಜನ ಬಂದ್ಮೇಲೆ ಬಸ್ ಬಿಡ್ತೀನಿ ಅಂತ ಕೂತಿದ್ರೆ ಜನ ಎಲ್ಲಿಂದ ಬರೋರು?" ರಾಯರು ಕೆಮ್ಮಲಿಲ್ಲ. ನನಗಂತೂ ಎದೆ ತುಂಬಿಬಂತು. ಗಂಡನ ಬಗ್ಗೆ ಅಷ್ಟು ಹೆಮ್ಮೆ ಅನ್ನಿಸುವುದು ವರ್ಷಕ್ಕೆ ಒಂದೆರಡು ಸಲ, ಹಾಗಾಗಿ ಸುಳ್ಳು ಹೇಳುವುದಿಲ್ಲ, ಪಾರ್ಕಿನಲ್ಲೇ ಅವರ ಕೈ ಹಿಡಿದುಕೊಂಡೆ. ಅವರು ಗಾಬರಿಯಾಗಿ, "ಏನೇ, ತಲೆ ಸುತ್ತುತ್ತಿದೆಯಾ?" ಎಂದು ಕೇಳಿ ಕಲ್ಲುಬೆಂಚಿನ ಮೇಲೆ ಕೂರಿಸಿದರು.

ಬರೆಯಲು ಕೂತಾಗ ಗೊತ್ತಾಯಿತು, ವಿಮಾನವನ್ನು ಹಾರಿಸುವುದಕ್ಕಿಂತ ಅದಕ್ಕೆ ಕನ್ನಡ ಕಲಿಸುವುದು ಕಷ್ಟ. ಸೀಟ್ ಬೆಲ್ಟನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತಿರುವ ಮಾತು, ಹಾಗೇ ಬಿಡಬಹುದಿತ್ತು. ಆದರೆ ಮೂವತ್ತೊಂದು ವರ್ಷದ ಸೇವೆ ಸುಮ್ಮನಿರಲು ಬಿಡಲಿಲ್ಲ. 'ಆಸನಪಟ್ಟಿ' ಎಂದು ಬರೆದೆ. ನಮ್ಮ ಮನೆಯವರು ಇಣುಕಿ ನೋಡಿ, "ಸೊಂಟಕ್ಕೆ ತಾನೇ ಕಟ್ಟೋದು, ಡಾಬು ಅಂತ ಬರಿ. ಹೆಂಗಸ್ರು ತಕ್ಷಣ ಹಾಕ್ಕೋತಾರೆ" ಎಂದರು. ಅವರ ಇನ್ನೊಂದು ಸಲಹೆ, ವಿಮಾನ ಹೊರಡುವಾಗ ಹಿಂದಿನ ಬಾಗಿಲಿನಿಂದ ಯಾರಾದರೊಬ್ಬರು "ರೈಟ್, ರೈಟ್" ಎನ್ನಬೇಕು, ಆಗ ಜನಕ್ಕೆ ಧೈರ್ಯ ಬರುತ್ತದೆ ಎಂಬುದು. ಅವರನ್ನು ಹಾಲು ತರಲು ಅಟ್ಟಿದೆ.

ಉಳಿದದ್ದು ಅತ್ತೆ. ಹೆಸರು ಗಿರಿಜವ್ವ, ವಯಸ್ಸು ಎಂಬತ್ತರ ಆಸುಪಾಸು, ಓದು ಮೂರನೆಯ ಇಯತ್ತೆ. ನಲವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದರೂ ಮಾತು ಇನ್ನೂ ತವರಿನದೇ. ಯಾರೂ ಅವರನ್ನು ಅಭಿಪ್ರಾಯ ಕೇಳಿರಲಿಲ್ಲ. ಕೇಳದಿದ್ದರೂ ಹೇಳುವುದು ಅವರ ಪದ್ಧತಿ. ನಾನು ಗಟ್ಟಿಯಾಗಿ ಓದಿಕೊಳ್ಳುತ್ತ, "ಗಾಳಿಯ ಒತ್ತಡ ಕಡಿಮೆಯಾದಲ್ಲಿ ನಿಮ್ಮ ಮುಂದೆ ಆಮ್ಲಜನಕದ ಮುಖವಾಡವು ಇಳಿದು ಬರುವುದು. ಅದನ್ನು ಧರಿಸಿರಿ" ಎಂದೆ. ಅತ್ತೆ ಹೂಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತಿ, "ಮುಖವಾಡ ಯಾಕ ಹಾಕ್ಕೋಬೇಕು? ನಾವೇನ ಸೋಗು ಹಾಕಾಕ ಹೊಂಟೇವೇನು?" ಎಂದರು. ಬಂದ ನಗುವನ್ನು ಅಡಗಿಸಿಕೊಂಡು ನಾನು ಸಿಟ್ಟು ಮಾಡಿಕೊಂಡೆ. "ಅತ್ತೆ, ಇದು ಬರವಣಿಗೆಯ ಭಾಷೆ. ಮಾತಾಡೋದೇ ಬೇರೆ, ಬರೆಯೋದೇ ಬೇರೆ" ಎಂದೆ. "ಆದ್ರ ಅದನ್ನ ಮಾತಾಡಿ ಹೇಳ್ತಾರಲ್ಲಬೇ?" ಎಂದರು ಅತ್ತೆ. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬರೆದೆ. ಮುಗಿದ ಮೇಲೆ ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ. ನನ್ನ ಎಲ್ಲ ಕಷ್ಟಗಳ ಮೂಲ ಇದು.

ಬಾಗಿಲು ಹಾಕಿಕೊಂಡು ನಾನು ಮಾಡಿದ ಘನಕಾರ್ಯವನ್ನೂ ಹೇಳಬೇಕು. ವಿಮಾನ ನೆಲ ಬಿಡುವುದಕ್ಕೆ 'ಉಡ್ಡಯನ' ಎಂಬ ಮಾತಿದೆ. ಹೊಸದಾಗಿ ಹತ್ತುವವರು ಅದನ್ನು ಕೇಳಿದರೆ ಕಾಯಿಲೆಯ ಹೆಸರೆಂದುಕೊಂಡಾರು. ಸರಳವಾಗಿರಲಿ ಎಂದು ಅಧಿಕಾರಿಗಳು ಹೇಳಿದ್ದರಲ್ಲ, ಅಚ್ಚಗನ್ನಡದಲ್ಲಿ, ಎಲ್ಲರನ್ನೂ ಒಳಗೊಳ್ಳುವ ಹಾಗೆ, ಸ್ವಲ್ಪ ಆತ್ಮೀಯವಾಗಿ ಒಂದು ವಾಕ್ಯ ಕಟ್ಟಿದೆ. ಬರೆದು ಮೂರು ಸಲ ಓದಿಕೊಂಡೆ, ಕಣ್ಣಲ್ಲಿ ನೀರು ಬಂತು. ಆಗಲೇ ಅನುಮಾನ ಬರಬೇಕಿತ್ತು. ನನ್ನ ಬರಹ ಓದಿ ನನಗೇ ಕಣ್ಣೀರು ಬಂದಾಗಲೆಲ್ಲ ಮುಂದೆ ಬೇರೆಯವರಿಗೂ ಬಂದಿದೆ, ಆದರೆ ಬೇರೆ ಕಾರಣಕ್ಕೆ. ಸುಪ್ರಿಯಾ ಅದನ್ನು ಓದಿ, "ಸೂಪರ್ ಮಿಸ್" ಎಂದಳು. ಟೆಂತ್ ಬಿ ಸೆಕ್ಷನ್ನಿನಲ್ಲಿ ಆಕೆಗೆ ಎಷ್ಟು ಅಂಕ ಬಂದಿತ್ತೆಂದು ನೆನಪು ಮಾಡಿಕೊಳ್ಳುವುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ವಿಮಾನಕ್ಕೆ ನನ್ನನ್ನೂ ಮನೆಯ ಒಬ್ಬರನ್ನೂ ಕರೆದರು. ಯಾರನ್ನು ಕರೆದೊಯ್ಯಬೇಕೆಂಬ ಪ್ರಶ್ನೆಯೇ ಇರಲಿಲ್ಲ, ತವರಿನ ಹೆಸರು ಕಿವಿಗೆ ಬಿದ್ದ ದಿನವೇ ಅತ್ತೆ ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟಿದ್ದರು. ಬಸವೇಶ್ವರನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ನಿಮಗೆ ಗೊತ್ತೇ ಇದೆ. ನಾವು ನಿಲ್ದಾಣ ತಲುಪುವಷ್ಟು ಹೊತ್ತಿನಲ್ಲಿ ವಿಮಾನ ಅತ್ತೆಯ ಊರಿಗೆ ಹೋಗಿ, ವಾಪಸು ಬಂದು, ಇನ್ನೊಮ್ಮೆ ಹೋಗಬಹುದು. "ವಿಮಾನಕ್ಕೆ ಕೊಟ್ಟಿದ್ ಸಾಲ್ದು, ವಿಮಾನ ಹತ್ತೋಕೆ ಹೋಗೋ ಟ್ಯಾಕ್ಸಿಗೂ ಸರ್ಕಾರ ಏನಾದ್ರೂ ಕೊಡ್ಬೇಕು" ಎಂದು ಬೀಳ್ಕೊಡುವಾಗ ನಮ್ಮ ಮನೆಯವರು ಗೊಣಗಿದರು.

ನಿಲ್ದಾಣದ ಒಳಗೆ ನಮ್ಮ ವಿಮಾನಕ್ಕೆ ಕಾಯುತ್ತಿದ್ದವರನ್ನು ನೋಡಿ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ತಲೆಗೆ ಪಟಗ ಸುತ್ತಿದ ಹಿರಿಯರು, ಮಡಿಲಲ್ಲಿ ಬುತ್ತಿ ಗಂಟು ಇಟ್ಟುಕೊಂಡ ಹೆಂಗಸರು, ಶೂ ಹೊಸದಾದದ್ದರಿಂದ ಕಾಲೆಳೆದು ನಡೆಯುತ್ತಿದ್ದ ಒಬ್ಬ ಅಂಗಡಿ ಸಾಹುಕಾರರು. ಬಸ್ ನಿಲ್ದಾಣದಲ್ಲಿ ಸಿಗುವ ಜನವೇ ಇಲ್ಲಿಯೂ ಕೂತಿದ್ದರು. ಸರ್ಕಾರ ಬೆನ್ನಿಗೆ ನಿಲ್ಲುವುದೆಂದರೆ ಏನೆಂದು ಅಧಿಕಾರಿಗಳ ಫೈಲಿನಲ್ಲಿ ನನಗೆ ಕಾಣದ್ದು ಅಲ್ಲಿ ಕಂಡಿತು. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಮೊದಲ ವಾಕ್ಯ ಬಂತು. "ಪ್ರಯಾಣಿಕರೇ, ಇದು ನಿಮಗೆ ಅಂತಿಮ ಕರೆ. ದಯವಿಟ್ಟು ತಡಮಾಡದೆ ಹೊರಡಿರಿ." ಎದುರಿಗಿದ್ದ ಹೆಂಗಸೊಬ್ಬರು ಥಟ್ಟನೆ ಕೊರಳ ತಾಳಿ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ಪ್ರಯಾಣಕ್ಕೆ ಮೊದಲು ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಆ ನೋಟವನ್ನು ಮೆಚ್ಚುಗೆ ಎಂದೇ ತಿಳಿದೆ.

ಒಳಗೆ ಕೂತೆವು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ತೊಡೆಯ ಮೇಲೆ ಅದೇ ಫೈಲು. ಅವರ ಪಕ್ಕದಲ್ಲಿ ಸುಪ್ರಿಯಾ, ಕೈಯ ವಾಚು ನೋಡುತ್ತ. ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಗಗನಸಖಿ ಮೇಘನಾ ಎಂಬ ಬ್ಯಾಡರಹಳ್ಳಿಯ ಹುಡುಗಿ. ನನ್ನನ್ನು ನೋಡಿ ನಕ್ಕು, ಕಾಗದ ಹಿಡಿದು, ಮೈಕ್ ತೆಗೆದುಕೊಂಡಳು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಜೇನಿನಂಥ ದನಿಯಲ್ಲಿ ಆಕೆ ಓದಿದಳು. "ಆತ್ಮೀಯ ಪ್ರಯಾಣಿಕರೇ, ನಿಮಗೆ ಸ್ವಾಗತ. ಇನ್ನು ಕೆಲವೇ ನಿಮಿಷಗಳಲ್ಲಿ ನಾವೆಲ್ಲರೂ ಒಟ್ಟಾಗಿ ಮೇಲಕ್ಕೆ ಹೋಗಲಿದ್ದೇವೆ. ನಿಮ್ಮ ಈ ಪಯಣದಲ್ಲಿ ಕೊನೆಯವರೆಗೂ ನಾವು ನಿಮ್ಮೊಂದಿಗಿರುತ್ತೇವೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಾರದೋ ಮಗು ಅಳಲು ಶುರುಮಾಡಿತು. ಆಮೇಲೆ ನಮ್ಮ ಹಿಂದಿನ ಸಾಲಿನಲ್ಲಿದ್ದ ಪಟಗದ ಯಜಮಾನರು ಎದ್ದು ನಿಂತರು. "ಏ ತಂಗಿ, ಬಾಗಲಾ ಹಂಗ ಇರಲಿ, ನಾ ಇಳೀತೀನಿ. ಬರೂ ವಾರ ಮೊಮ್ಮಗಳ ಮದವಿ ಐತಿ. ನಾ ಈಗ ಮ್ಯಾಲ ಹೋಗಾಂವಲ್ಲ" ಎಂದರು. ಅವರ ಹಿಂದೆಯೇ ತಾಳಿ ಕಣ್ಣಿಗೊತ್ತಿಕೊಂಡಿದ್ದ ಹೆಂಗಸೂ ಗಂಟು ಎತ್ತಿಕೊಂಡು ಎದ್ದರು. "ಹೊರಗ ಕುಂತಾಗನ ಅಂತಿಮ ಕರಿ ಅಂದ್ರು, ನನ್ನ ಎದಿ ಆಗಳೇ ಝಲ್ಲ್ ಅಂದಿತ್ತು" ಎಂದರು. ಮೇಲಕ್ಕೆ ಹೋಗುವುದೆಂದರೆ ನಮ್ಮ ಜನಕ್ಕೆ ಏನು ಅರ್ಥವೆಂದು ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳಿಗೆ ಆಗ ಹೊಳೆಯಿತು. ಪಕ್ಕದ ಬೀದಿಯ ಅಜ್ಜನೊಬ್ಬರು ತೀರಿಕೊಂಡಾಗ, "ಪಾಪ, ಮೇಲಕ್ಕೆ ಹೋಗ್ಬಿಟ್ರು" ಎಂದು ನಾನೇ ಹೇಳಿದ್ದೆ. ಅದೇ ವಾರ ಹೇಳಿದ್ದೆ.

ಸುಪ್ರಿಯಾಳ ಮುಖ ಬಿಳಿಚಿಕೊಂಡಿತ್ತು. "ಮಿಸ್, ಅವರು ಇಳಿದ್ರೆ ಅವರ ಬ್ಯಾಗು ಹುಡುಕಿ ಇಳಿಸ್ಬೇಕು. ಫ್ಲೈಟ್ ಲೇಟಾಗುತ್ತೆ. ಕನ್ನಡದಿಂದ ಲೇಟಾಯ್ತು ಅಂತಲೇ ಬರೀತಾರೆ. ಆಮೇಲೆ ಮುಗೀತು ಮಿಸ್, ಇನ್ಯಾವತ್ತೂ ಹಾಕಲ್ಲ" ಎಂದು ಹಿಂದೆ ತಿರುಗಿ ಪಿಸುಗುಟ್ಟಿದಳು. ಹತ್ತನೇ ತರಗತಿಯಲ್ಲಿ ಫಲಿತಾಂಶದ ದಿನ ನನ್ನ ಎದುರು ನಿಂತಿದ್ದ ಮುಖವೇ ಅದು. ಅಂದು ಪೇಪರು ಅವಳು ಬರೆದಿದ್ದಳು, ಇಂದು ಬರೆದವಳು ನಾನು. ಅಧಿಕಾರಿಗಳು ಫೈಲು ಬಿಚ್ಚಿ ಪೆನ್ನು ತೆಗೆದರು. ನಾನು ಎದ್ದು ನಿಂತು, 'ಮೇಲಕ್ಕೆ' ಎಂಬುದು ಇಲ್ಲಿ ದಿಕ್ಕನ್ನು ಸೂಚಿಸುವ ಅವ್ಯಯವೆಂದು ವಿವರಿಸಲು ಬಾಯಿ ತೆರೆದೆ. ದೇವರು ದೊಡ್ಡವನು, ನನ್ನ ದನಿ ಹೊರಡಲಿಲ್ಲ.

ಹೊರಟದ್ದು ಅತ್ತೆಯ ದನಿ. ಸೀಟಿನಲ್ಲಿ ಅರ್ಧ ತಿರುಗಿ, ಸೆರಗು ಸರಿಮಾಡಿಕೊಂಡು, "ಅಣ್ಣಾರ, ಕುಂದರ್ರಿ" ಎಂದರು. "ಹುಡುಗಿ ಸಣ್ಣಾಕಿ, ಬರದು ಕೊಟ್ಟಿದ್ದು ಓದ್ಯಾಳ. ಬರದಾಕಿ ನನ್ನ ಸೊಸಿ, ಇಲ್ಲೇ ಕುಂತಾಳ ನೋಡ್ರಿ. ಭಾಳ ವರ್ಷ ಸಾಲ್ಯಾಗ ಕಲಿಸ್ಯಾಳ, ಹಂಗಾಗಿ ಆಕಿಗೆ ಮಾತು ಬರೂದಿಲ್ಲ." ವಿಮಾನದಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನನ್ನನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅಂದೇ. ಅತ್ತೆ ಮೇಘನಾಳ ಕಡೆ ತಿರುಗಿದರು. "ತಂಗಿ, ಬರೇ ಹೋಗೂದಷ್ಟ ಹೇಳ್ತಾರೇನು? ಮನ್ಯಾಗಿಂದ ಹೊರಗ ಕಾಲಿಡುವಾಗ ಯಾರಾರ ಹೋಗ್ತೀನಿ ಅಂತಾರೇನು? ನಾವೆಲ್ಲಾ ಕೂಡಿ ಹೋಗಿ ಬರೂಣು ಅನ್ನು. ಹೋಗೂದೂ ಬಂತು, ಬರೂದೂ ಬಂತು."

ಮ್ಯಾನೇಜರ್ ಒಪ್ಪಿಗೆ ಕೊಡಬೇಕೆಂದು ಹುಡುಗಿ ಸುಪ್ರಿಯಾಳನ್ನು ನೋಡಿದಳು. ಸುಪ್ರಿಯಾ ಅಧಿಕಾರಿಗಳನ್ನು ನೋಡಿದಳು. ಅಧಿಕಾರಿಗಳು ಅತ್ತೆಯನ್ನು ನೋಡಿ ತಲೆಯಾಡಿಸಿದರು. ಮೇಘನಾ ನನ್ನ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬ್ಯಾಡರಹಳ್ಳಿಯ ಕನ್ನಡದಲ್ಲಿ, "ಎಲ್ಲರೂ ಕೇಳಿಸ್ಕೊಳಿ. ಅಜ್ಜಿ ಹೇಳ್ದಂಗೆ, ನಾವೆಲ್ಲಾ ಒಟ್ಗೆ ಹೋಗಿ ಬರೋಣ. ಬೆಲ್ಟ್ ಹಾಕ್ಕೊಳಿ" ಎಂದಳು. "ಹಂಗ ಹೇಳು ಮತ್ತ!" ಎಂದು ಪಟಗದ ಯಜಮಾನರು ಕೂತು, ಎಲ್ಲರಿಗಿಂತ ಮೊದಲು ಬೆಲ್ಟ್ ಹಾಕಿಕೊಂಡರು. ಹೆಂಗಸು ಗಂಟನ್ನು ಸೀಟಿನ ಕೆಳಗಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ವಿಮಾನ ಹೊರಡಬೇಕಾದ ಹೊತ್ತಿಗೇ ಹೊರಟಿತು.

ಮೋಡದ ಮೇಲೆ ಹೋದ ಮೇಲೆ ನಾನು ಕಿಟಕಿಯ ಕಡೆ ಮುಖ ಮಾಡಿ ಯೋಚಿಸಿದೆ. ನಮ್ಮ ಮನೆಯವರು ಹಾಲಿಗೆ ಹೊರಟಾಗ ಅಪ್ಪಿತಪ್ಪಿ "ಹೋಗ್ತೀನಿ" ಎಂದರೆ, "ಹೋಗಿ ಬರ್ತೀನಿ ಅನ್ರೀ" ಎಂದು ಬಾಗಿಲಿನಿಂದ ವಾಪಸು ಕರೆದು ಹೇಳಿಸುವವಳು ನಾನೇ. ಬಾಯಿಗೆ ಗೊತ್ತಿದ್ದದ್ದನ್ನು ಕೈ ಹೇಗೆ ಮರೆಯಿತು? ನಾಚಿಕೆಯೂ ಆಯಿತು, ಅಳುವೂ ಬಂತು. ಆದರೆ ಪಕ್ಕದಲ್ಲಿ ಅತ್ತೆ ಜೀವಮಾನದ ಮೊದಲ ವಿಮಾನದಲ್ಲಿ, ತವರಿನ ಬಸ್ಸಿನಲ್ಲಿ ಕೂತವರ ಹಾಗೆ, ಹಿಂದಿನ ಸಾಲಿನವರನ್ನು ಯಾವ ಮನೆತನ, ಯಾವ ಓಣಿ ಎಂದು ವಿಚಾರಿಸುತ್ತ ಕೂತಿದ್ದರು. ಅವರ ಕೈಯನ್ನು ಹಿಡಿದುಕೊಂಡೆ. "ಅಂಜಬ್ಯಾಡ, ಇಳಿಸ್ತಾರ" ಎಂದರು.

ಊರು ಬಂತು. ಇಳಿಯುವಾಗ ಹೇಳಲು ನಾನು, 'ನಿಮ್ಮ ಮುಂದಿನ ಪಯಣವು ಸುಖಕರವಾಗಿರಲೆಂದು ಹಾರೈಸುತ್ತೇವೆ' ಎಂದು ಬರೆದಿದ್ದೆ. ಆ ಕಾಗದವನ್ನು ಮೇಘನಾ ಜೇಬಿನಿಂದ ತೆಗೆಯಲೇ ಇಲ್ಲ. ಬಾಗಿಲಲ್ಲಿ ಕೈಜೋಡಿಸಿ ನಿಂತು, ಒಬ್ಬೊಬ್ಬರಿಗೂ "ಹೋಗಿ ಬನ್ನಿ" ಎಂದಳು. ಆಗ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. "ಬರ್ತೀವಿ ಯವ್ವಾ" ಎಂದರು ಪಟಗದ ಯಜಮಾನರು. "ಬರ್ತೀವ್ರಿ" ಎಂದರು ಸಾಹುಕಾರರು. "ಬರ್ತೇವಿ ತಂಗಿ" ಎಂದು ಗಂಟಿನ ಹೆಂಗಸು ಆಕೆಯ ಗಲ್ಲ ಸವರಿ ಲಟಿಕೆ ಮುರಿದರು. ಇಳಿದವರಲ್ಲಿ ಉತ್ತರ ಕೊಡದೆ ಹೋದವರಿಲ್ಲ. ಸುಪ್ರಿಯಾ ನನ್ನ ತೋಳು ಅಲುಗಾಡಿಸಿದಳು. "ಮಿಸ್, ಕೇಳಿಸ್ಕೊಂಡ್ರಾ? ಅಷ್ಟೂ ಜನ ಬರ್ತೀವಿ ಅಂತ ಮಾತು ಕೊಟ್ಟು ಹೋದ್ರು! ಯಾವ ಜಾಹೀರಾತಿಗೆ ಜನ ಹಿಂಗೆ ಬಾಯ್ಬಿಟ್ಟು ಉತ್ತರ ಕೊಡ್ತಾರೆ?" ಆಕೆಯ ಕಣ್ಣಲ್ಲಿ ನೀರಿತ್ತು. ವಾಣಿಜ್ಯ ವಿಭಾಗದವರಿಗೂ ಕಣ್ಣೀರು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಧಿಕಾರಿಗಳು ಫೈಲು ಕಟ್ಟಿ ಎದ್ದು, "ಸರ್ಕಾರದ ಕಡೆಯೋರಿಗೆ ಜನ ಯಾವತ್ತೂ ಬರ್ತೀವಿ ಅನ್ನಲ್ಲ ಮೇಡಂ. ಇನ್ನೂ ಎಷ್ಟ್ ಸಲ ಬರ್ಬೇಕು ಅಂತ ಕೇಳ್ತಾರೆ. ಬರ್ತೀವಿ ಅನ್ನೋದನ್ನ ಇವತ್ತು ಮೊದಲ್ನೇ ಸಲ ಕೇಳಿಸ್ಕೊಂಡೆ. ಕನ್ನಡ ಇರ್ಲಿ" ಎಂದರು. ಅವರೂ ಇಳಿಯುವಾಗ ಮೇಘನಾಳಿಗೆ "ಬರ್ತೀನಮ್ಮ" ಎಂದರು.

ಹೀಗೆ ಕನ್ನಡ ಉಳಿಯಿತು. ನಮ್ಮ ಕಡೆಯ ವಿಮಾನಗಳಲ್ಲಿ ಈಗಲೂ ಹೋಗಿ ಬನ್ನಿ ಎನ್ನುತ್ತಾರೆ, ಜನ ಬರ್ತೀವಿ ಎನ್ನುತ್ತಾರೆ, ನಿಜವಾಗಿಯೂ ಬರುತ್ತಿದ್ದಾರಂತೆ. ಹೊರಡುವುದನ್ನೇ ಬರುವುದೆಂದು ಹೇಳುವ ಭಾಷೆ ನನ್ನದೆಂದು ನನಗೆ ಬಹಳ ಹೆಮ್ಮೆ. ಈ ಹೆಮ್ಮೆಯಲ್ಲಿ ಪಾರ್ಕಿನ ರಾಯರಿಗೆ ಇಡೀ ಕತೆ ಹೇಳಿದೆ. ಮೊದಲ ಎರಡು ಸಲ ಹೇಳುವಾಗ, ಆ ಮಾತು ಯಾರಿಗೆ ಹೊಳೆಯಿತೆಂಬ ಭಾಗವನ್ನು ಸ್ವಲ್ಪ ಅವಸರದಲ್ಲಿ ದಾಟಿಸಿಬಿಟ್ಟೆ. ನಮ್ಮ ಮನೆಯವರು ಪಕ್ಕದಲ್ಲಿ ರಾಯರ ಥರವೇ ಸಣ್ಣಗೆ ಕೆಮ್ಮಿದ್ದರಿಂದ ಮೂರನೆಯ ಸಲ ಸರಿಯಾಗಿ ಹೇಳಿದೆ.

ಹೋದ ತಿಂಗಳು ಮತ್ತೆ ಸುಪ್ರಿಯಾಳ ಫೋನ್ ಬಂತು. "ಮಿಸ್, ತಿಂಡಿ ಆಯ್ತಾ? ಇನ್ನೂ ನಾಲ್ಕೂರಿಗೆ ಶುರು ಮಾಡ್ತಾ ಇದೀವಿ. ಫ್ಲೈಟ್ ಲೇಟಾದಾಗ ಜನ ಸಿಟ್ಟಾಗ್ದೇ ಇರೋ ಹಂಗೆ ಒಂದ್ ಮಾತು ಬೇಕಿತ್ತು" ಎಂದಳು. ಇಂಥ ಕರೆ ಬರುತ್ತದೆಂದು ನನಗೆ ಗೊತ್ತಿತ್ತು. ವಿಳಂಬದ ಬಗ್ಗೆ ಮೂರು ಮಾದರಿ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, "ಬರ್ಕೋ ಸುಪ್ರಿಯಾ" ಎಂದೆ. ಆಕೆ ಮೆಲ್ಲಗೆ, "ಮಿಸ್, ಬೇಜಾರ್ ಮಾಡ್ಕೋಬೇಡಿ, ಅಜ್ಜಿ ಇದಾರಾ? ಒಂದ್ ನಿಮಿಷ ಫೋನ್ ಕೊಡ್ತೀರಾ?" ಎಂದಳು.

ಕೊಟ್ಟೆ. ಕೊಟ್ಟೆ ಎನ್ನುವುದೂ ತಪ್ಪು, ಅತ್ತೆಗೆ ಮೊಬೈಲ್ ಹಿಡಿಯಲು ಬರುವುದಿಲ್ಲ, ಹಾಗಾಗಿ ಅವರ ಕಿವಿಯ ಹತ್ತಿರ ನಾನೇ ಹಿಡಿದು ನಿಂತೆ. ಬೆಳೆಯುವ ಸಂಸ್ಥೆಗೆ ಹಿಂದಿನಿಂದ ಯಾರಾದರೂ ಆಸರೆ ಕೊಡಲೇಬೇಕಲ್ಲ. ಒಂದು ನಿಮಿಷವೆಂದದ್ದು ಅರ್ಧ ಗಂಟೆಯಾಯಿತು, ನನ್ನ ತೋಳು ಮರಗಟ್ಟಿತು. ತಡವಾಗಿ ಬರುವ ನೆಂಟರು ಬಾಗಿಲಲ್ಲಿ ಮೊದಲು ಏನೆನ್ನಬೇಕು, ಕಾದವರು ಏನೆನ್ನುತ್ತಾರೆ, ಸಿಟ್ಟಾದವರಿಗೆ ಮೊದಲು ನೀರು ಕೊಡಬೇಕೋ ಕಾರಣ ಕೊಡಬೇಕೋ, ಎಲ್ಲವನ್ನೂ ಅತ್ತೆ ನಿಧಾನವಾಗಿ ಹೇಳಿದರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ಸುಶೀಲಾ, ಸುಮ್ಮ ಯಾಕ ನಿಂತೀ? ಮರತು ಹೋದೀತು, ಬರಕೋ" ಎಂದರು.

ಇನ್ನೊಂದು ಕೈಯಲ್ಲಿ ಬರೆದುಕೊಂಡೆ. ಕಾಗುಣಿತ ಮಾತ್ರ ನನ್ನದು.